ಗೋಧಿ ತೊಳೆದ ನೀರು

ಮನೆ, ವರಾಂಡದ ಮೇಜು
ಹದಿನೆಂಟನೇ ತಾರೀಖು, ಭಾನುವಾರ ಬೆಳಗ್ಗೆ

ನಮ್ಮ ಮನೆಯ ಯಜಮಾನಿಗೆ, ಯಜಮಾನಿಯಿಲ್ಲದೆ ದಿಕ್ಕೆಟ್ಟಿರುವ ಮನೆಯಿಂದ ಪ್ರೀತಿಯ ನೆನಪುಗಳು.

ಹೇಗಿದ್ದೀಯೆ? ನಿನ್ನ ಮಂಡಿ ಹೇಗಿದೆ? ಮಗಳ ಮನೆಯ ಮೆಟ್ಟಿಲು ಕಡಿದಾಗಿವೆ, ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಬೇಕಾದ್ದನ್ನು ಅಳಿಯಂದಿರ ಕೈಲಿ ತರಿಸಿಕೋ, ಅವರೇನೂ ಬೇಸರ ಮಾಡಿಕೊಳ್ಳುವವರಲ್ಲ. ಬಾಣಂತಿ ಹೊತ್ತುಹೊತ್ತಿಗೆ ಊಟ ಮಾಡುತ್ತಾಳಾ, ಇಲ್ಲ ಮಗು ಮಲಗಲಿ ಆಮೇಲೆ ಮಾಡುತ್ತೇನೆ ಎಂದು ಮುಂದಕ್ಕೆ ಹಾಕುತ್ತಾಳಾ? ಅವಳು ಹುಟ್ಟಿದಾಗ ನೀನೂ ಹಾಗೇ ಮಾಡುತ್ತಿದ್ದೆ, ಅದಕ್ಕೇ ಕೇಳಿದೆ. ಮೊಮ್ಮಗಳ ಮೂಗು ಥೇಟ್ ನನ್ನದೇ ಎಂದು ನೀನು ಹೋದ ಪತ್ರದಲ್ಲಿ ಬರೆದಿದ್ದೆ. ಪಾಪ, ಮೂರು ತಿಂಗಳ ಕೂಸಿಗೆ ಇಂಥ ಕಷ್ಟ ಬರಬಾರದಿತ್ತು. ಬೆಳೆಯುತ್ತ ಸರಿಹೋಗುತ್ತದೆ ಎಂದು ನನ್ನ ತಾಯಿಯೂ ಹೇಳುತ್ತಿದ್ದಳು. ನಾನು ಇಲ್ಲಿ ಆರಾಮ. ನೀನು ಹೋದ ಈ ನಾಲ್ಕು ತಿಂಗಳಲ್ಲಿ ಹಾಲು ಉಕ್ಕಿಸಿದ್ದು ಒಂಬತ್ತೇ ಸಲ, ಅದರಲ್ಲಿ ಎರಡು ಸಲ ತಪ್ಪು ಒಲೆಯದು.

ಈಗ ಸ್ವಲ್ಪ ಕುಳಿತುಕೊಂಡು ಓದು. ನಿನ್ನ ಹನ್ನೊಂದು ಕುಂಡಗಳನ್ನೂ ನಾನು ಮಣ್ಣು ಸಮೇತ ಬುಡಮೇಲು ಮಾಡಿದ್ದೇನೆ. ಗಾಬರಿಯಾಗಬೇಡ, ಗುಲಾಬಿ, ನಿಂಬೆ, ಆ ಹೆಸರೇ ಗೊತ್ತಿಲ್ಲದ ನೀಲಿ ಹೂವಿನ ಗಿಡ ಎಲ್ಲ ಕ್ಷೇಮವಾಗಿ ಮತ್ತೆ ಮಣ್ಣು ಸೇರಿವೆ. "ನಾನು ಬರೋವರೆಗೆ ಕುಂಡಕ್ಕೆ ಕೈ ಹಚ್ಚಬೇಡಿ, ನೀರು ಹಾಕಿದ್ರೆ ಸಾಕು" ಎಂದು ನೀನು ಬಸ್ಸಿನ ಕಿಟಕಿಯಿಂದಲೂ ಕೂಗಿ ಹೇಳಿದ್ದು ನನಗೆ ನೆನಪಿದೆ. ಆದರೆ ಅದಕ್ಕೆ ಕಾರಣ ಇದೆ, ಆ ಕಾರಣ ಉದ್ದವಿದೆ. ಫೋನಿನಲ್ಲೇ ಹೇಳಬಹುದಿತ್ತು. ನೀನು ಮಧ್ಯೆ ಮಧ್ಯೆ ಬಾಯಿ ಹಾಕಿ ನನ್ನ ಕಥೆಯನ್ನು ನೀನೇ ಮುಗಿಸಿಬಿಡುತ್ತೀಯ ಎಂದು ಪತ್ರ ಹಿಡಿದು ಕೂತೆ. ನನ್ನ ಪತ್ರಗಳನ್ನು ನೀನು ಬೀಗರಿಗೂ ಓದಿ ಹೇಳುತ್ತೀಯಂತೆ, ಮಗಳು ಹೇಳಿದಳು. ಹಾಗಾಗಿ ನಿನಗೆ ಗೊತ್ತಿರುವ ಸಂಗತಿಯನ್ನೂ ಅವರಿಗಾಗಿ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನನ್ನ ತಮ್ಮನ ಮಗಳು ಎರಡು ವರ್ಷದಿಂದ ನಮ್ಮ ಮಹಡಿ ಕೋಣೆಯಲ್ಲಿದ್ದಾಳಲ್ಲ, ಬೀದಿಯವರು ಅವಳನ್ನು ಪೈರಿನ ಡಾಕ್ಟರಮ್ಮ ಅನ್ನುತ್ತಾರೆ. ಕೃಷಿ ಕಚೇರಿಯಲ್ಲಿ ಅವಳಿಗೆ ಕೊಟ್ಟಿರುವ ಕೆಲಸ ಒಂದೇ ಒಂದು. ಗೋಧಿಗೆ ತುಕ್ಕು ರೋಗ ಬರುತ್ತದೆ. ಕೊಯ್ಲಾದ ಮೇಲೆ ಐದಾರು ತಿಂಗಳು ಹೊಲದಲ್ಲಿ ಗೋಧಿಯೇ ಇರುವುದಿಲ್ಲ. ಆ ದಿನಗಳಲ್ಲಿ ರೋಗ ಎಲ್ಲಿ ಅಡಗಿ ಕೂರುತ್ತದೆ ಎಂದು ಪತ್ತೆ ಹಚ್ಚಬೇಕು. ಅದು ಒಂದು ಜಾತಿಯ ಬೂಷ್ಟಂತೆ. ಎಲೆಯ ಮೇಲೆ ಕಂದುಗೆಂಪು ಪುಡಿಯಾಗಿ ಒಡೆದು, ಗಾಳಿಗೆ ಹಾರಿ ಪಕ್ಕದ ಗಿಡಕ್ಕೆ ಕೂರುತ್ತದೆ. ಅದಕ್ಕೆ ಬದುಕಲು ಹಸಿರಾಗಿರುವ, ಜೀವವಿರುವ ಗೋಧಿ ಎಲೆಯೇ ಆಗಬೇಕು. ನಮ್ಮ ಕಡೆಯ ಬಿಸಿಲಿಗೆ ಒಣಹುಲ್ಲಿನಲ್ಲಿ ಉಳಿಯುವುದಿಲ್ಲ, ಮಣ್ಣಿನಲ್ಲಿಯೂ ಇಲ್ಲ, ಕಾಳಿನೊಳಗಂತೂ ಇಲ್ಲವೇ ಇಲ್ಲ. ಆದರೂ ಹೊಸ ಪೈರು ಗೇಣುದ್ದ ಆಗುವುದರೊಳಗೆ ಕರೆಯದ ನೆಂಟನ ಹಾಗೆ ಬಂದು ಹಾಜರಾಗುತ್ತದೆ. ಅದು ಎಲ್ಲೋ ದೂರದ ಬೆಟ್ಟದಿಂದ ಗಾಳಿಯಲ್ಲಿ ಬರುತ್ತದೆ, ನಮ್ಮ ಕೈಲಿ ಏನೂ ಇಲ್ಲ ಎಂದು ಅವಳ ದೊಡ್ಡ ಸಾಹೇಬರು. ಇಲ್ಲ, ಪ್ರತಿವರ್ಷ ಮೊದಲು ಕೆಡುವುದು ಊರ ಸುತ್ತಲಿನ ಹೊಲಗಳೇ, ಅಂದಮೇಲೆ ಅದು ಇಲ್ಲೇ ಎಲ್ಲೋ ಇದೆ ಎಂದು ಇವಳು. ಅವಳು ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ನಕ್ಷೆ ನಮ್ಮ ಊಟದ ಮೇಜಿನ ಮೇಲೇ ಬಿದ್ದಿರುತ್ತಿತ್ತು, ಅದರ ಮೇಲೆ ನಾನು ಕಾಫಿ ಚೆಲ್ಲಿ ಎರಡು ಹಳ್ಳಿಗಳನ್ನು ಅಳಿಸಿದ್ದೂ ನಿನಗೆ ಗೊತ್ತು.

ಈ ಬಿತ್ತನೆ ಶುರುವಾಗುವುದರೊಳಗೆ, ಹೊಲದಲ್ಲಿ ಗೋಧಿಯಿಲ್ಲದ ದಿನಗಳಲ್ಲೂ ಬದುಕಿರುವ ಒಂದಾದರೂ ರೋಗದ ಗಿಡ ತೋರಿಸದಿದ್ದರೆ ಕಡತ ಮುಚ್ಚುತ್ತೇವೆ, ನೀವು ಬೇರೆ ಕೆಲಸ ನೋಡಿಕೊಳ್ಳಿ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಅವಳ ಕೆಲಸ ಹೋಗುವುದು ಒಂದು ಕಡೆ. ಇನ್ನೊಂದು ಕಡೆ ನನಗೂ ಈ ರೋಗದ ಮೇಲೆ ಹಳೆಯ ಸಿಟ್ಟಿದೆ. ಗಿರಣಿ ನಡೆಸುತ್ತಿದ್ದಾಗ ತುಕ್ಕು ಬಿದ್ದ ವರ್ಷ ಬರುತ್ತಿದ್ದ ಗೋಧಿ ನೋಡಿದ್ದೀಯಲ್ಲ, ಒಣಗಿ ಸುರುಟಿದ ಕಾಳು, ಬೀಸಿದರೆ ಬರೀ ತೌಡು. ಚೀಲ ತುಂಬ ಕೊಟ್ಟೆ, ಅರ್ಧ ಹಿಟ್ಟು ವಾಪಸ್ ಬಂತು ಎಂದು ಜನ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಬೂಷ್ಟು ತಿಂದದ್ದಕ್ಕೆ ನಾನು ಕಳ್ಳನಾದೆ.

ಹುಡುಗಿ ಸೈಕಲ್ ಹತ್ತಿ ಎಲ್ಲೆಲ್ಲಿ ಹುಡುಕಲಿಲ್ಲ ಹೇಳು! ಕಾಲುವೆ ದಂಡೆ, ರೈಲು ಹಳಿಯ ಪಕ್ಕ, ಉಗ್ರಾಣದ ಹಿತ್ತಲು, ಲಾರಿಗಳು ನಿಲ್ಲುವ ಜಾಗ. ಬಿಸಿಲಿಗೆ ಮುಖ ಸುಟ್ಟುಕೊಂಡು, ಕತ್ತಲಾದ ಮೇಲೆ ಬಂದು ನಮ್ಮ ಮೆಟ್ಟಿಲ ಮೇಲೆ, ನಿನ್ನ ಕುಂಡಗಳ ಪಕ್ಕದಲ್ಲೇ ಕೂತು ಬೂಟು ಬಿಚ್ಚುತ್ತಿದ್ದಳು. ಹೋದ ತಿಂಗಳಂತೂ ಊಟವೂ ಅರ್ಧಕ್ಕರ್ಧ. "ದೊಡ್ಡಪ್ಪ, ಬಹುಶಃ ಸಾಹೇಬ್ರೇ ಸರಿ ಅನ್ಸುತ್ತೆ" ಎಂದು ಒಂದು ದಿನ ತಟ್ಟೆ ನೋಡುತ್ತ ಅಂದಾಗ ನಾನು ಅವಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ. ನೀನಿದ್ದಿದ್ದರೆ ಎರಡು ಮಾತಿನಲ್ಲಿ ಅವಳನ್ನು ನಗಿಸಿರುತ್ತಿದ್ದೆ. ನನಗೆ ಬರುವುದು ಗಿರಣಿಯ ಜೋಕುಗಳು, ಅವೆಲ್ಲ ಅವಳು ಕೇಳಿದವೇ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ನೀನು ಹೇಳಿದ ಹಾಗೆ ಕುಂಡಗಳಿಗೆ ನೀರು ಹಾಕುತ್ತಿದ್ದೆ, ದಿನಾ ಸಂಜೆ, ಜಾಲರಿ ಮೂತಿಯ ಡಬ್ಬಿಯಿಂದ, ಗಿಡಕ್ಕೆ ತಲೆಸ್ನಾನ ಮಾಡಿಸುವ ಹಾಗೆ ಮೇಲಿನಿಂದ. ನೀನು ಹೋಗಿ ಹದಿನೈದು ದಿನಕ್ಕೆ ನಿಂಬೆ ಗಿಡದ ಬುಡದಲ್ಲಿ ಹಸಿರು ಹುಲ್ಲು ಎದ್ದಿತು. ನೋಡುತ್ತ ನೋಡುತ್ತ ಹನ್ನೊಂದು ಕುಂಡದಲ್ಲೂ ದಟ್ಟವಾಗಿ ಬೆಳೆಯಿತು. ಮೂವತ್ತೆರಡು ವರ್ಷ ಗೋಧಿ ಬೀಸಿದವನು ನಾನು, ಗೋಧಿಯ ಗಿಡ ಗುರುತು ಹಿಡಿಯಲಿಲ್ಲ ಎಂದರೆ ನಗಬೇಡ. ನನ್ನ ಹತ್ತಿರ ಬರುವಾಗ ಅದು ಚೀಲದಲ್ಲಿರುತ್ತಿತ್ತು. ಕೈ ಹಚ್ಚಬೇಡ ಎಂದು ನೀನು ಹೇಳಿದ್ದರಿಂದ ಇದೂ ನಿನ್ನದೇ ಯಾವುದೋ ವಿಶೇಷ ಗಿಡ ಎಂದುಕೊಂಡು ಎರಡು ಲೋಟ ನೀರು ಜಾಸ್ತಿಯೇ ಹಾಕಿದೆ. ಹಿಂದೆ ನಾನು ನೋಡಿಕೊಂಡ ಗಿಡಗಳೆಲ್ಲ ಒಂದೊಂದಾಗಿ ಒಣಗಿ ಹೋಗಿದ್ದವಲ್ಲ, ಇದು ಮಾತ್ರ ಸೊಂಪಾಗಿ ಬಂತು. ಅಂತೂ ನನ್ನ ಕೈಗುಣವೂ ಸುಧಾರಿಸಿತು ಎಂದು ಬೀಗುತ್ತಿದ್ದೆ. ನೀನು ಬಂದಾಗ ತೋರಿಸಿ ಭೇಷ್ ಅನ್ನಿಸಿಕೊಳ್ಳಬೇಕು ಎಂದು ನಿನಗೆ ಫೋನಿನಲ್ಲಿಯೂ ಹೇಳಿರಲಿಲ್ಲ.

ಆಮೇಲೆ ನನ್ನ ಬಿಳಿ ಅಂಗಿಯ ತೋಳಿಗೆ ಕೆಂಪು ಪುಡಿ ಮೆತ್ತಿಕೊಳ್ಳಲು ಶುರುವಾಯಿತು. ಒಗೆದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ. ಪಕ್ಕದ ಮನೆ ಮೇಷ್ಟ್ರು ಕಾಂಪೌಂಡು ಕಟ್ಟಿಸುತ್ತಿದ್ದಾರೆ. ಇದು ಅವರ ಇಟ್ಟಿಗೆಯ ಪುಡಿಯೇ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂರು ಸಲ ಹೋಗಿ ಜಗಳ ತೆಗೆದೆ. ಪಾಪ, ಮೇಷ್ಟ್ರು ಗೋಡೆಗೆಲ್ಲ ಒದ್ದೆ ಗೋಣಿ ಹೊದಿಸಿದರು. ಗಾರೆ ಕೆಲಸದವನು ಇಟ್ಟಿಗೆ ಒಡೆಯುವುದನ್ನು ಬೀದಿಯ ಆ ತುದಿಗೆ ಸಾಗಿಸಿದ. ಆದರೂ ಪುಡಿ ನಿಲ್ಲಲಿಲ್ಲ. ಹೋದ ವಾರ ನಾಲ್ಕನೇ ಸಲ ಜಗಳಕ್ಕೆ ಹೊರಟವನು ಸಾಕ್ಷಿಗೆ ಇರಲಿ ಎಂದು ಅಂಗಿಯ ತೋಳನ್ನು ಡಾಕ್ಟರಮ್ಮನಿಗೆ ತೋರಿಸಿದೆ, ನೀನೇ ಹೇಳು ಇದು ಇಟ್ಟಿಗೆ ಹೌದೋ ಅಲ್ಲವೋ ಎಂದೆ. ಅವಳು ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ನನ್ನ ಮೊಣಕೈಗೆ ಮೂಗು ತಾಗಿಸಿ ನೋಡಿದಳು. "ದೊಡ್ಡಪ್ಪ, ಇವತ್ತು ಎಲ್ಲೆಲ್ಲಿ ಒರಗಿದ್ರಿ?" ಎಂದಳು. ಎಲ್ಲಿಯೂ ಇಲ್ಲ, ಕುಂಡಕ್ಕೆ ನೀರು ಹಾಕಿದೆ ಎಂದೆ. ಅಷ್ಟೇ, ಒಂದೇ ನೆಗೆತಕ್ಕೆ ಮೆಟ್ಟಿಲು ಇಳಿದು ನಿಂಬೆ ಕುಂಡದ ಮುಂದೆ ಮಂಡಿಯೂರಿ ಕೂತಳು. ನಾನು ಹೋಗಿ ನೋಡಿದರೆ ನಗುತ್ತಾಳೋ ಅಳುತ್ತಾಳೋ ಗೊತ್ತಾಗದ ಹಾಗೆ ಇದ್ದಳು, ಮೂಗಿನ ತುದಿಯಲ್ಲಿ ಕೆಂಪು ಪುಡಿ.

ಎರಡು ವರ್ಷ ಅವಳು ಸೈಕಲ್ ತುಳಿದು ಹುಡುಕಿದ್ದು ಅವಳು ಬೂಟು ಬಿಚ್ಚುವ ಜಾಗದಲ್ಲಿ, ನನ್ನ ಆರೈಕೆಯಲ್ಲಿ, ದಿನಾ ಸಂಜೆ ಸ್ನಾನ ಮಾಡಿಕೊಂಡು ಬೆಳೆಯುತ್ತಿತ್ತು. ನೆರಳು, ತಂಪು, ರಾತ್ರಿಯೆಲ್ಲ ಒದ್ದೆಯಾಗಿರುವ ಎಲೆ, ಆ ರೋಗಕ್ಕೆ ಬೇಕಾದ್ದೆಲ್ಲ ಒದಗಿಸಿದ್ದೆ. ರೋಗಕ್ಕೆ ಇಷ್ಟು ಮರ್ಯಾದೆಯ ಬಿಡಾರ ಜಿಲ್ಲೆಯಲ್ಲೇ ಬೇರೆ ಸಿಗಲಿಕ್ಕಿಲ್ಲ ಎಂದಳು. ಮೇಷ್ಟ್ರ ಮನೆಗೆ ಹೋಗಿ ಕೈಮುಗಿದು ತಪ್ಪಾಯಿತು ಎಂದು ಬಂದೆ. ಅವರು ಒಳ್ಳೆಯವರು, ಗೋಣಿ ಹೊದಿಸಿದ್ದರಿಂದ ಗೋಡೆ ಚೆನ್ನಾಗಿ ಗಟ್ಟಿಯಾಯಿತು ಎಂದು ನನ್ನ ಮಾನ ಉಳಿಸಿದರು.

ಆದರೆ ಕುಂಡದೊಳಗೆ ಗೋಧಿ ಬಂದದ್ದು ಹೇಗೆ ಎಂದು ಅವಳು ಕೇಳಿದಾಗ ನಾನು ತಡವರಿಸಲಿಲ್ಲ. ಗೋಧಿ ತೊಳೆದ ನೀರು ಎಂದೆ. ನೀನು ಹೋದ ಮೇಲೂ ಗೋಧಿ ತೊಳೆದಾಗಲೆಲ್ಲ ಆ ನೀರನ್ನು ಕುಂಡಗಳಿಗೇ ಸುರಿದಿದ್ದೆ. ಬೀಸುವುದಕ್ಕೆ ಮೊದಲು ಗೋಧಿ ತೊಳೆಯುವಾಗ ಜೊಳ್ಳೂ ಹಗುರ ಕಾಳೂ ತೇಲುತ್ತವೆ, ಅವು ನೀರಿನ ಜೊತೆ ಕುಂಡಕ್ಕೆ ಬೀಳುತ್ತವೆ, ಅದರಲ್ಲಿ ನಾಲ್ಕು ಮೊಳೆಯುತ್ತವೆ. ನಮ್ಮ ಮನೆಯೊಂದೇ ಅಲ್ಲ, ಈ ಊರಿನಲ್ಲಿ ಗೋಧಿ ತೊಳೆದ ನೀರನ್ನು ಯಾರೂ ಮೋರಿಗೆ ಚೆಲ್ಲುವುದಿಲ್ಲ. ಯಾಕೆ? ಗಿರಣಿ ಅಣ್ಣ ಹೇಳಿದ್ದಾನೆ! ಚೀಲ ತೂಗುವಾಗ ಪ್ರತಿಯೊಬ್ಬರಿಗೂ ನಾನು ಹೇಳುತ್ತಿದ್ದ ಬುದ್ಧಿವಾದ ಅದೇ ಅಲ್ಲವೇ, "ತೊಳೆದು ಒಣಗಿಸಿ ತನ್ನಿ, ತೊಳೆದ ನೀರು ಗಿಡಕ್ಕೆ ಹಾಕಿ" ಎಂದು. ಗಿರಣಿ ಬಾಗಿಲು ಹಾಕಿ ಆರು ವರ್ಷವಾದರೂ ಜನ ಅದನ್ನು ಬಿಟ್ಟಿಲ್ಲ. ಅವಳು ಅದನ್ನೂ ಬರೆದುಕೊಂಡಳು. ಒಂದು ಮಾತ್ರ ಅವಳಿಗೆ ಬಿಡಿಸಲಾಗಲಿಲ್ಲ. "ದೊಡ್ಡಮ್ಮ ಇದ್ದಾಗ ಈ ಕುಂಡಗಳಲ್ಲಿ ಒಂದು ಗೋಧಿ ಗಿಡಾನೂ ನೋಡಿಲ್ವಲ್ಲ" ಎಂದು ಎರಡು ಮೂರು ಸಲ ಕೇಳಿದಳು. ನನಗೂ ಗೊತ್ತಿಲ್ಲ ಎಂದೆ.

ಮರುದಿನದಿಂದ ನಮ್ಮಿಬ್ಬರದು ಮನೆಮನೆ ಯಾತ್ರೆ. ಅವಳ ಕೈಲಿ ಭೂತಗನ್ನಡಿ, ನನ್ನ ಕೈಲಿ ಖಾಲಿ ಚೀಲ. ಅರವತ್ತೆರಡು ಮನೆ ನೋಡಿದೆವು, ನಲವತ್ತೇಳರಲ್ಲಿ ಗೋಧಿ ಇತ್ತು, ಹತ್ತೊಂಬತ್ತರಲ್ಲಿ ತುಕ್ಕು. ದರ್ಜಿಯ ಮನೆಯಲ್ಲಿ ಹಳೆಯ ಬಕೆಟ್ಟಿನಲ್ಲಿ, ಔಷಧಿ ಅಂಗಡಿಯವರ ಮನೆಯಲ್ಲಿ ಸ್ನಾನದ ಮನೆಯ ಹಿಂದೆ, ಪೋಸ್ಟ್‌ಮ್ಯಾನ್ ತಾಯಿಯ ತಾರಸಿಯ ಮೇಲಂತೂ ನಲವತ್ತು ಎಣ್ಣೆ ಡಬ್ಬಿಗಳಲ್ಲಿ ಒಂದು ಪುಟ್ಟ ಗೋಧಿ ಹೊಲವೇ. ಆಕೆ ನನ್ನನ್ನು ನೋಡಿದ್ದೇ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನಣ್ಣಾ, ಅವತ್ತು ನೀರು ಚೆಲ್ಲಬೇಡಿ ಅಂದೋನೂ ನೀನೇ, ಇವತ್ತು ಕಿತ್ತು ಹಾಕಿ ಅನ್ನೋನೂ ನೀನೇನಾ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿದೆ? ದರ್ಜಿಯ ಹೆಂಡತಿ ತನ್ನ ಬೆಕ್ಕು ಆ ಹುಲ್ಲನ್ನೇ ತಿನ್ನುವುದು, ಅದನ್ನು ಕೀಳುವುದಾದರೆ ಬೆಕ್ಕಿಗೆ ನೀವೇ ಹೇಳಿ ಎಂದಳು. ಬೆಕ್ಕಿಗೂ ಹೇಳಿದೆ, ಅದು ಆಕಳಿಸಿತು. ಅಂತೂ ನಾಲ್ಕು ದಿನದಲ್ಲಿ ಹೇಳಿ, ಕೇಳಿ, ಕೆಲವರ ಹತ್ತಿರ ಬೈಸಿಕೊಂಡು ಎಲ್ಲ ಕಿತ್ತು ಗುಂಡಿಗೆ ಹಾಕಿ ಮುಚ್ಚಿದೆವು. ನನ್ನ ಸೊಂಟ ಹಿಡಿದಿದೆ, ನೀನು ಹೇಳುವ ಆ ಮುಲಾಮು ಎಲ್ಲಿದೆ?

ದೊಡ್ಡ ಸಾಹೇಬರು ಗುರುವಾರ ಸ್ವತಃ ಬಂದರು. ಸಾಕ್ಷಿಗೆಂದು ನಿಂಬೆ ಕುಂಡ ಒಂದನ್ನು ಹಾಗೇ ಬಿಟ್ಟಿದ್ದೆವು. ಅವರು ಎಲೆಯ ಮೇಲೆ ಬೆರಳು ಎಳೆದರು, ಬೆರಳು ಕೆಂಪಾಯಿತು. ಕರವಸ್ತ್ರದಲ್ಲಿ ಒರೆಸಿಕೊಂಡರು, ಇನ್ನೊಂದು ಎಲೆ ಮುಟ್ಟಿದರು. "ನಾನು ಆಕಾಶ ನೋಡ್ತಿದ್ದೆ, ನೀವು ನೆಲ ನೋಡಿದ್ರಿ ಬಿಡಿ" ಎಂದರು. ಕಡತ ಮುಚ್ಚುವ ಮಾತು ಬಿಟ್ಟರು. ಹುಡುಗಿಯ ಮುಖ ನೀನು ನೋಡಬೇಕಿತ್ತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಲೋಟ ತೊಳೆದೆ. ಆ ಕೊನೆಯ ಕುಂಡವನ್ನೂ ಅವರು ಹೋದ ಮೇಲೆ ಖಾಲಿ ಮಾಡಿದೆವು.

ಆದರೆ ಇನ್ನೂ ಗೆದ್ದಿಲ್ಲ. ಬಿತ್ತನೆಗೆ ಮೂರು ವಾರ ಇದೆ. ಜನ ಇವತ್ತು ಗಿಡ ಕೀಳಲು ಬಿಟ್ಟರು, ನಾಳೆ ಗೋಧಿ ತೊಳೆದರೆ ನೀರು ಎಲ್ಲಿಗೆ ಹೋಗುತ್ತದೆ? ಮತ್ತೆ ಅದೇ ಕುಂಡಕ್ಕೆ. ಎಲ್ಲೋ ಕಣ್ತಪ್ಪಿ ಉಳಿದ ಒಂದೇ ಗಿಡದಿಂದ ಪುಡಿ ಹಾರಿ ಅದಕ್ಕೆ ಕೂತರೆ ಹೊಸ ಪೈರು ಏಳುವಾಗ ಎಲ್ಲ ಮೊದಲಿನ ಹಾಗೆ. ನೀರನ್ನು ಮೋರಿಗೆ ಚೆಲ್ಲಿ ಎಂದು ಕರಪತ್ರ ಅಚ್ಚು ಹಾಕಿಸಿ ಎಂದು ಸಾಹೇಬರು ಹೇಳಿ ಹೋಗಿದ್ದಾರೆ. ಒಬ್ಬರೂ ಒಪ್ಪುತ್ತಿಲ್ಲ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ ಬಿಂದಿಗೆ ನೀರು ಮೋರಿಗೆ ಚೆಲ್ಲಿ ಎಂದರೆ ಯಾರು ಕೇಳುತ್ತಾರೆ? ಔಷಧಿ ಅಂಗಡಿಯವರ ಸೊಸೆ ಎಷ್ಟು ಮೃದುವಾದ ಹುಡುಗಿ, ಅವಳೂ ಬಾಗಿಲು ಹಾಕಿಕೊಂಡಳು. ಬಟ್ಟೆಯಲ್ಲಿ ಸೋಸಿ ಹಾಕಿ ಎಂದರೆ ಅಷ್ಟು ಪುರುಸೊತ್ತು ಯಾರಿಗಿದೆ ಅನ್ನುತ್ತಾರೆ. ಡಾಕ್ಟರಮ್ಮ ನಿನ್ನೆಯಿಂದ ಕರಪತ್ರದ ಹಾಳೆ ಮುಂದಿಟ್ಟುಕೊಂಡು ಪೆನ್ನಿನ ತುದಿ ಕಚ್ಚುತ್ತಿದ್ದಾಳೆ. ಜನ ಮಾಡದ ಮಾತನ್ನು ಅಚ್ಚು ಹಾಕಿಸಿ ಏನು ಫಲ ಎಂಬುದು ಅವಳ ಚಿಂತೆ. ಹುಡುಕಿದ್ದು ಸಿಕ್ಕಿಯೂ ಕೈತಪ್ಪಿ ಹೋಗುತ್ತದೇನೋ ಎಂದು ನನಗೂ ದಿಗಿಲು.

ಇರಲಿ, ನಿನಗೆ ಅಲ್ಲಿ ಕೆಲಸ ಸಾಕಷ್ಟಿದೆ, ಈ ತಲೆನೋವು ಬೇಡ. ಮಗಳಿಗೆ ಹೊಟ್ಟೆತುಂಬ ಊಟ ಮಾಡಲು ಹೇಳು, ಅಪ್ಪನ ಆಜ್ಞೆ ಅನ್ನು. ಅಳಿಯಂದಿರಿಗೂ ಬೀಗರಿಗೂ ನನ್ನ ನಮಸ್ಕಾರ. ಮೂಗಿನ ಒಡತಿಗೆ ಮುತ್ತು, ಮೂಗು ಬಿಟ್ಟು ಬೇರೆ ಎಲ್ಲಿ ಬೇಕಾದರೂ ಕೊಡು. ಮನೆಯಲ್ಲಿ ನಿನ್ನ ಸದ್ದಿಲ್ಲ, ಅದೊಂದು ಬಿಟ್ಟರೆ ಎಲ್ಲ ಇದೆ.

ದಿನ ಎಣಿಸುತ್ತ ಕೂತಿರುವ ನಿನ್ನ
ಗಿರಣಿಯವನು

ಬಿಟ್ಟುಹೋದದ್ದು: ಪತ್ರ ಡಬ್ಬಿಗೆ ಹಾಕಲು ಹೊರಟವನು ಗೇಟಿನಿಂದ ವಾಪಸ್ ಬಂದು ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಗೇಟಿನ ಹೊರಗೆ ಮೇಷ್ಟ್ರ ಮನೆಯ ನಾಲ್ಕು ಕೋಳಿಗಳು ಸಾಲಾಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದವು. ನೀನು ಹೋದಾಗಿನಿಂದ ಪ್ರತಿ ಭಾನುವಾರ ಬರುತ್ತವೆ, ನಾನು ಹುಶ್ ಎಂದು ಓಡಿಸುತ್ತೇನೆ. ಯಾಕೆ ಬರುತ್ತವೆ ಎಂದು ಇವತ್ತು ತಲೆಗೆ ಹೋಯಿ​ತು. ಭಾನುವಾರ ಬೆಳಗ್ಗೆ ನೀನು ಕುಂಡದ ಮೊಳಕೆ ಕಿತ್ತು ಅವಕ್ಕೆ ಹಾಕುತ್ತಿದ್ದೆ! ಡಾಕ್ಟರಮ್ಮನಿಗೆ ಓಡಿಹೋಗಿ ಹೇಳಿದೆ. ಪುಡಿ ಎಲೆಗೆ ಕೂತು ಹೊಸ ಪುಡಿ ಏಳಲು ಎಂಟು ಹತ್ತು ದಿನ ಬೇಕಂತೆ, ವಾರಕ್ಕೊಮ್ಮೆ ಕಿತ್ತರೆ ರೋಗಕ್ಕೆ ಹೊತ್ತೇ ಸಿಗುವುದಿಲ್ಲವಂತೆ. ನೀರೂ ಚೆಲ್ಲಬೇಕಿಲ್ಲ. ಪೋಸ್ಟ್‌ಮ್ಯಾನ್ ತಾಯಿಯನ್ನು ಕೇಳಿದೆವು, ಇಷ್ಟೇ ತಾನೇ, ಮೊದಲೇ ಹೇಳಬಾರದಿತ್ತೇ ಎಂದರು. ಕರಪತ್ರ ನಾಳೆ ಅಚ್ಚಿಗೆ ಹೋಗುತ್ತದೆ. ಮೇಲೆ ಅಷ್ಟುದ್ದಕ್ಕೆ ನನ್ನ ಬುದ್ಧಿವಾದ ಎಂದು ಬರೆದದ್ದನ್ನು ಓದಿ ನೀನು ನಕ್ಕಿರುತ್ತೀಯ. ಅದು ನಿನ್ನದು. ನಮ್ಮ ಮದುವೆಯ ಮಾತೇ ಇಲ್ಲದಾಗ, ನೀನು ಚೀಲ ಹಿಡಿದು ಮೊದಲ ಸಲ ಗಿರಣಿಗೆ ಬಂದು, ಮಣ್ಣು ಮೆತ್ತಿದ ಗೋಧಿಯನ್ನೇ ಬೀಸುತ್ತಿದ್ದ ನನ್ನನ್ನು ಹತ್ತು ಜನರ ಮುಂದೆ ತರಾಟೆಗೆ ತೆಗೆದುಕೊಂಡು ಬೆರಳು ಮಡಿಸಿ ಹೇಳಿದ್ದು: ತೊಳೆಯಿರಿ, ನೀರು ಗಿಡಕ್ಕೆ ಹಾಕಿ, ಮೊಳಕೆ ವಾರಕ್ಕೊಂದು ಸಲ ಕಿತ್ತು ಕೋಳಿಗೆ ಹಾಕಿ. ಮೊದಲ ಎರಡನ್ನು ನಾನು ಊರಿಗೆಲ್ಲ ನನ್ನದೆಂದು ಹಂಚಿದೆ, ನೀನು ಒಂದು ದಿನವೂ ಯಾರೆದುರೂ ತಿದ್ದಲಿಲ್ಲ. ಡಾಕ್ಟರಮ್ಮನಿಗೆ ಎಲ್ಲ ಒಪ್ಪಿಕೊಂಡೆ. ಕರಪತ್ರದಲ್ಲಿ ಮೂರೂ ಮಾತು ನಿನ್ನ ಹೆಸರಿನಲ್ಲೇ ಬರುತ್ತವೆ. ಮೂವತ್ತೆಂಟು ವರ್ಷ ತಡವಾಯಿತು, ಕ್ಷಮಿಸು. ಮೂರನೆಯದನ್ನು ನುಂಗಿಹಾಕಬೇಕೆಂದು ನುಂಗಿದ್ದಲ್ಲ. ನೀನು ಎರಡನೇ ಬೆರಳು ಮಡಿಸುವ ಹೊತ್ತಿಗೆ ನಾನು ನಿನ್ನ ಮುಖ ನೋಡುತ್ತ ನಿಂತುಬಿಟ್ಟಿದ್ದೆ.